ಮೂರನೇ ನಂಬರಿನ ದೋಣಿ

“ನಾನು ಮೂರನೆಯವಳಾಗಿ ಹೋಗಲ್ಲ ಸರ್.”

ಬ್ರೀಶಾ ತನ್ನ ಚೀಟಿಯನ್ನು ಪೆಂಬರ್ಟನ್ ಸರ್ ಮೂಗಿನ ಹತ್ತಿರಕ್ಕೇ ಚಾಚಿ ಹಿಡಿದಿದ್ದಳು. ಚೀಟಿಯಲ್ಲಿ 3 ಅಂತ ದಪ್ಪಗೆ ಬರೆದಿತ್ತು. ಸರ್ ಅದನ್ನು ತೆಗೆದುಕೊಳ್ಳಲಿಲ್ಲ. ಅವರ ಒಂದು ಕೈಯಲ್ಲಿ ಚೀಟಿ ಎತ್ತಿಸಿದ ಉಣ್ಣೆ ಟೋಪಿ, ಇನ್ನೊಂದರಲ್ಲಿ ಸ್ಟಾಪ್‌ವಾಚ್.

“ಯಾಕೆ? ಹೊಟ್ಟೆನೋವಾ?”

“ಅಲ್ಲ ಸರ್. ಮೂರನೇ ದೋಣಿ ಅಂತ ಯಾವುದೂ ಬಂದರು ಬಿಡಬಾರದು, ಅಪಶಕುನ. ಎರಡನೇದು, ಮೂರನೇದು ಜೊತೆಗೆ ಹೋಗ್ಬೇಕು, ನಡುವೆ ಹಗ್ಗ ಇಟ್ಕೊಂಡು. ಆಗ ಯಾರೂ ಮೂರನೆಯವರಾಗಲ್ಲ.”

“ಇದನ್ನ ಯಾರು ಹೇಳಿದ್ದು?”

“ನಮ್ಮಜ್ಜ. ನಲವತ್ತು ವರ್ಷ ಹೆರಿಂಗ್ ಮೀನು ಹಿಡಿದಿದ್ದಾರೆ.”

ಸರ್ ನಕ್ಕರು. ಅವರು ಸಮುದ್ರದ ಆಚೆ ಇಂಗ್ಲೆಂಡಿನಿಂದ ಈ ವರ್ಷವಷ್ಟೇ ನಮ್ಮ ದ್ವೀಪದ ಕ್ಯಾಸಲ್‌ಟೌನ್‌ನ ಶಾಲೆಗೆ ಬಂದವರು. ಕೆಟ್ಟವರೇನಲ್ಲ. ಭಿನ್ನರಾಶಿಯನ್ನು ಕೇಕ್ ಕತ್ತರಿಸಿ ಕಲಿಸುತ್ತಿದ್ದರು, ಆಮೇಲೆ ಕೇಕನ್ನೂ ಹಂಚುತ್ತಿದ್ದರು. ಆದರೆ ಬಂದರಿನ ವಿಷಯದಲ್ಲಿ ಅವರಿಗೆ ಏನೇನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ.

“ಇದು ಮೂಢನಂಬಿಕೆ ಬ್ರೀಶಾ. ನೀರು ಇಳಿಯೋಕೆ ಶುರುವಾದ್ರೆ ದೋಣಿಗಳೆಲ್ಲ ಕೆಸರಲ್ಲಿ ಕೂತ್ಕೊಳ್ತವೆ. ಹೋಗು, ಲೈಫ್ ಜಾಕೆಟ್ ಹಾಕ್ಕೋ.”

ಅಂದು ಶಾಲಾ ಮಕ್ಕಳ ದೋಣಿ ಪಂದ್ಯ. ನಮ್ಮೂರಿನ ಏಳು ಮಕ್ಕಳು, ಡಗ್ಲಸ್ ಪಟ್ಟಣದ ಏಳು ಮಕ್ಕಳು. ಒಂದು ದೋಣಿಗೆ ಒಬ್ಬರು. ಎರಡು ನಿಮಿಷಕ್ಕೊಂದರಂತೆ ದೋಣಿಗಳು ಅಳಿವೆ ದಾಟಿ, ಆಚೆ ತೇಲುವ ಕೆಂಪು ಡ್ರಮ್ ಸುತ್ತಿ ವಾಪಸ್ ಬರಬೇಕು. ಯಾರ ಸಮಯ ಕಡಿಮೆಯೋ ಆ ಮೂವರು ಇಡೀ ದ್ವೀಪದ ಪಂದ್ಯಕ್ಕೆ ಹೋಗುತ್ತಾರೆ.

ಬ್ರೀಶಾ ಏಳು ವರ್ಷದವಳಿದ್ದಾಗಿನಿಂದ ಹುಟ್ಟು ಹಾಕುತ್ತಿದ್ದಾಳೆ. ಅವಳಿಗೆ ಹೋಗಲು ಆಸೆಯಿತ್ತು. ಆದರೆ ಅಜ್ಜನ ಕಣ್ಣೆದುರೇ ಮೂರನೆಯವಳಾಗಿ ಬಂದರು ಬಿಡಲು ಅವಳ ಕಾಲು ಏಳಲಿಲ್ಲ.

ಡಗ್ಲಸ್‌ನ ಮಕ್ಕಳ ಗುಂಪಿನಿಂದ ಕಿಸಕಿಸ ನಗು ಕೇಳಿತು. “ಕೋಟೆ ಗಡಿಯಾರಕ್ಕೆ ಒಂದೇ ಮುಳ್ಳು ಇಟ್ಕೊಂಡಿರೋ ಊರು ಕಣ್ರೋ ಇದು,” ಎಂದ ಒಬ್ಬ. “ಮೂರರ ತನಕ ಎಣಿಸು ಅಂದ್ರೆ ಪಾಪ, ಎಲ್ಲಿ ಆಗತ್ತೆ?”

ಸರ್ ಅವನನ್ನು ಗದರಿಸಬೇಕಿತ್ತು. ಗದರಿಸಲಿಲ್ಲ. ಬದಲಿಗೆ ತಾವೂ ಒಂದು ತಮಾಷೆ ಸೇರಿಸಿದರು.

“ಇಂಥದ್ದನ್ನೆಲ್ಲ ನಂಬ್ಕೊಂಡು ಕೂತಿದ್ದಕ್ಕೇ ಇರಬೇಕು, ದ್ವೀಪದ ರಾಜಧಾನಿ ಇಲ್ಲಿಂದ ಡಗ್ಲಸ್‌ಗೆ ಹೋಗಿದ್ದು.”

ಬಂದರಿನ ಕಟ್ಟೆಯ ಮೇಲೆ ನಿಂತಿದ್ದ ದೊಡ್ಡವರೆಲ್ಲ ಒಮ್ಮೆಲೇ ಸರ್ ಕಡೆ ತಿರುಗಿದರು. ರಾಜಧಾನಿ ಹೋಗಿ ನೂರೈವತ್ತು ವರ್ಷವಾಗಿದೆ, ನಿಜ. ಆದರೆ ಕ್ಯಾಸಲ್‌ಟೌನ್‌ನವರಿಗೆ ಅದು ನಿನ್ನೆ ಸಂಜೆ ನಡೆದ ಕಳ್ಳತನ. ಆ ವಿಷಯದಲ್ಲಿ ನಾವು ನಾವೇ ತಮಾಷೆ ಮಾಡಿಕೊಳ್ಳಬಹುದು, ಹೊರಗಿನವರು ಮಾಡುವ ಹಾಗಿಲ್ಲ.

ಬ್ರೀಶಾಗೆ ಮೈಯೆಲ್ಲ ಉರಿದುಹೋಯಿತು. ಅವಳು ಅಜ್ಜನ ಕಡೆ ತಿರುಗಿದಳು. ಅಜ್ಜ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ಎದ್ದು ಬಂದು ಎರಡು ಮಾತು ಆಡಬಾರದೇ? ಆಡಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

“ಹೆದರಿಕೆ ಆಗ್ತಿದ್ರೆ ಆಗ್ತಿದೆ ಅಂತ ಹೇಳು,” ಎಂದರು ಸರ್, ಮೆತ್ತಗೆ. “ಅದರಲ್ಲಿ ನಾಚಿಕೆ ಏನಿಲ್ಲ.”

“ನಂಗೆ ಹೆದರಿಕೆ ಇಲ್ಲ.”

“ಹಾಗಾದ್ರೆ ಹೋಗು.”

“ಮೂರನೆಯವಳಾಗಿ ಹೋಗಲ್ಲ.”

ಸರ್ ನಿಟ್ಟುಸಿರು ಬಿಟ್ಟರು. ಕಟ್ಟೆಗೆ ಒರಗಿಸಿದ್ದ ಬೋರ್ಡಿನ ಹತ್ತಿರ ಹೋದರು. ಅಲ್ಲಿ ಎಲ್ಲರ ನಂಬರೂ ಹೆಸರೂ ಸಾಲಾಗಿದ್ದವು. 3, ಬ್ರೀಶಾ ಎಂದಿದ್ದ ಕಡೆ ಸೀಮೆಸುಣ್ಣದಿಂದ ‘ಹಿಂದೆ ಸರಿದಿದ್ದಾಳೆ’ ಎಂದು ಬರೆದರು. ಅಕ್ಷರ ಎಷ್ಟು ದೊಡ್ಡದಾಗಿತ್ತೆಂದರೆ ಆಚೆ ದಡದ ಸೇತುವೆಯಿಂದಲೂ ಓದಬಹುದಿತ್ತು.

ಹಿಂದೆ ಸರಿದಿದ್ದಾಳಂತೆ! ಇಡೀ ಊರು ಓದುವ ಹಾಗೆ!

ಅವಳ ಕಣ್ಣಲ್ಲಿ ನೀರು ಬಂತು. ಯಾರಿಗೂ ಕಾಣಬಾರದೆಂದು ಬೋರ್ಡನ್ನೇ ದಿಟ್ಟಿಸಿದಳು. ಯಾರಾದರೂ ನಂಬರು ಬದಲಾಯಿಸಿಕೊಳ್ಳಬಹುದೇನೋ ಎಂದು ಹೆಸರುಗಳನ್ನು ಮೇಲಿಂದ ಕೆಳಕ್ಕೆ ಓದಿದಳು. ಕೊನೆಯ ಹೆಸರಿನ ಮುಂದೆ 15 ಅಂತ ಇತ್ತು.

ಹದಿನೈದಾ? ದೋಣಿ ಇರುವುದು ಹದಿನಾಲ್ಕು.

ಮತ್ತೆ ಓದಿದಳು. ಹನ್ನೊಂದು, ಹನ್ನೆರಡು, ಹದಿನಾಲ್ಕು, ಹದಿನೈದು.

“ಸರ್, ಹದಿಮೂರು ಎಲ್ಲಿ?”

“ಏನು?”

“ಹದಿಮೂರನೇ ನಂಬರು. ಹನ್ನೆರಡು ಆದ್ಮೇಲೆ ಹದಿನಾಲ್ಕು ಬರೆದಿದ್ದೀರಿ.”

ಸರ್ ಬೋರ್ಡ್ ನೋಡಿದರು. ಕೆಮ್ಮಿದರು. “ಅದಾ? ಅದು ಸುಮ್ನೆ. ಹದಿಮೂರು ಬಂದವರಿಗೆ ಬೇಜಾರಾಗೋದು ಬೇಡ ಅಂತ. ನಮ್ಮ ಕಡೆ ಹಾಗೆ ಬಿಡೋದು ವಾಡಿಕೆ.”

“ನಿಮ್ಮದಾದ್ರೆ ವಾಡಿಕೆ,” ಎಂದಳು ಬ್ರೀಶಾ. “ನಮ್ಮದಾದ್ರೆ ಮೂಢನಂಬಿಕೆ.”

ತನ್ನ ಎಲೆಯಲ್ಲಿ ಉದ್ದಬಾಲದವನೇ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರಂತೆ. ಆ ಪ್ರಾಣಿಯ ನಿಜವಾದ ಹೆಸರನ್ನು ನಮ್ಮ ದ್ವೀಪದಲ್ಲಿ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಯಾವುದೆಂದು ನಿಮಗೆ ಗೊತ್ತೇ ಇದೆ.

ಕಟ್ಟೆಯ ಮೇಲೆ ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಡಗ್ಲಸ್‌ನ ಮಕ್ಕಳೂ ನಕ್ಕರು. ಸರ್ ಕಿವಿ ಕೆಂಪಗಾಯಿತು. ಅವರು ಕರವಸ್ತ್ರ ತೆಗೆದು ತಾವು ಬರೆದದ್ದನ್ನು ತಾವೇ ಒರೆಸಿದರು.

“ಸರಿ. ಎರಡನೇ ನಂಬರಿನವರು ಒಪ್ಪಿದ್ರೆ ಜೊತೆಗೆ ಹೋಗಿ. ಇಬ್ಬರ ಟೈಮೂ ಒಟ್ಟಿಗೇ ಶುರು. ಬೇಗ, ಬೇಗ.”

ಎರಡನೇ ನಂಬರು ಓರಿಯದು. ಓರಿ ಬ್ರೀಶಾಳ ಕ್ಲಾಸಿನವನೇ. ಅವನಪ್ಪ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಹೊರುತ್ತಾರೆ. ಅವರ ಮನೆಯಲ್ಲಿ ಯಾರೂ ಮೀನು ಹಿಡಿದವರಲ್ಲ. ಆದರೂ ಓರಿ ಬೇಸಿಗೆಯಿಡೀ ದಿನಾ ಸಂಜೆ ಈ ಪಂದ್ಯಕ್ಕೆಂದೇ ಹುಟ್ಟು ಹಾಕಿ ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡಿದ್ದ.

“ಬಾರೋ, ಹಗ್ಗ ಕಟ್ಟೋಣ,” ಎಂದಳು ಬ್ರೀಶಾ.

“ನನ್ನ ಟೈಮ್ ಹಾಳಾಗಲ್ವಾ?”

“ಅಳಿವೆ ದಾಟಿದ ತಕ್ಷಣ ಬಿಚ್ಚೋದು. ಅಷ್ಟೇ. ಯಾಕೆ, ನೀನು ಈ ಊರಿನವನಲ್ವಾ?”

ಓರಿ ಡಗ್ಲಸ್‌ನ ಮಕ್ಕಳನ್ನು ನೋಡಿದ, ತನ್ನ ಅಂಗೈ ನೋಡಿಕೊಂಡ. “ಆಯ್ತು,” ಎಂದ. “ಬೇಗ ಕಟ್ಟು.”

ಬ್ರೀಶಾ ಬೆಂಚಿನ ಹತ್ತಿರ ಓಡಿದಳು. “ಅಜ್ಜ, ಹಗ್ಗ ಕೊಡಿ.” ಅಜ್ಜ ಚೀಲದಿಂದ ಸುರುಳಿ ಸುತ್ತಿದ ಹಗ್ಗ ತೆಗೆದರು. “ಬ್ರೀಶಾ, ಒಂದ್ನಿಮಿಷ ಕೇಳು” ಎನ್ನುವಷ್ಟರಲ್ಲಿ ಅವಳು ಅರ್ಧ ಮೆಟ್ಟಿಲು ಇಳಿದಾಗಿತ್ತು.

ಓರಿಯ ದೋಣಿಯ ಹಿಂಬದಿಯ ಕಬ್ಬಿಣದ ಬಳೆಗೆ ಒಂದು ತುದಿ, ತನ್ನ ದೋಣಿಯ ಮುಂಬದಿಯ ಬಳೆಗೆ ಇನ್ನೊಂದು. ಗಡಿಯಾರಕ್ಕೆ ನಕ್ಕವನಿಗೆ ಒಂದು ಗಂಟು. ರಾಜಧಾನಿಯ ಮಾತಿಗೆ ಇನ್ನೊಂದು. ‘ಹಿಂದೆ ಸರಿದಿದ್ದಾಳೆ’ ಎಂದದ್ದಕ್ಕೆ ಮತ್ತೊಂದು. ಪ್ರತಿ ಗಂಟನ್ನೂ ಮೈಭಾರವೆಲ್ಲ ಬಿಟ್ಟು ಬಿಗಿದಳು.

ಮೊದಲ ದೋಣಿ ಹೋಯಿತು. ಎರಡು ನಿಮಿಷ ಕಳೆಯಿತು. ಸರ್ ಸೀಟಿ ಊದಿದರು.

ಇಬ್ಬರೂ ಹುಟ್ಟು ಹಾಕಿದರು. ಬ್ರೀಶಾ ಇಷ್ಟು ಜೋರಾಗಿ ಹಿಂದೆಂದೂ ಹಾಕಿರಲಿಲ್ಲ. ತನ್ನ ದೋಣಿ ಅವನದನ್ನು ಹಿಂದಕ್ಕೆ ಎಳೆಯಬಾರದು ಎಂದು ಮತ್ತೆ ಮತ್ತೆ ಹೊರಳಿ ನೋಡಿದಳು. ಹಗ್ಗ ಸಡಿಲವಾಗಿ ನೀರಿನಲ್ಲಿ ತೇಲುತ್ತಿತ್ತು. ಅಳಿವೆ ಬಂತು. ಅಳಿವೆ ದಾಟಿತು. ಅವಳಿಗೆ ಕುಣಿಯಬೇಕೆನಿಸಿತು.

“ಬಿಚ್ಚೋ ಓರಿ!”

ಓರಿ ಹುಟ್ಟು ಬಿಟ್ಟು ಬಾಗಿದ. ಗಂಟು ನೀರು ಕುಡಿದು ಕಲ್ಲಾಗಿತ್ತು. ಬ್ರೀಶಾ ತನ್ನ ಕಡೆಯದನ್ನು ಬಿಚ್ಚಲು ನೋಡಿದಳು. ಅದೂ ಕಲ್ಲು. ಅಲೆ ಎರಡು ದೋಣಿಯನ್ನೂ ಒಂದಕ್ಕೊಂದು ಗುದ್ದಿಸಿತು. ಓರಿ ಉಗುರಿನಿಂದ ಎಳೆದ, ಆಮೇಲೆ ಹಲ್ಲಿನಿಂದ ಕಚ್ಚಿ ಎಳೆದ. ಕೊನೆಗೆ ಬಿಚ್ಚಿತು. ಅವನು ಹುಟ್ಟು ಹಿಡಿದು ಹೊರಟುಹೋದ.

ಹದಿನಾಲ್ಕು ದೋಣಿಗಳೂ ವಾಪಸ್ ಬಂದ ಮೇಲೆ ಸರ್ ಫಲಿತಾಂಶ ಓದಿದರು. ಮೊದಲ ಮೂವರೂ ಡಗ್ಲಸ್‌ನವರು. ಓರಿ ನಾಲ್ಕನೆಯವನು. ಮೂರನೆಯವನಿಗಿಂತ ನಾಲ್ಕೇ ಸೆಕೆಂಡ್ ಹಿಂದೆ. ಬ್ರೀಶಾ ಒಂಬತ್ತನೆಯವಳು.

ಬ್ರೀಶಾ ಕೆಂಡವಾದಳು. ಸರ್ ಮೊದಲೇ ಒಪ್ಪಿದ್ದರೆ ಇಷ್ಟು ಅವಸರ ಆಗುತ್ತಿತ್ತಾ? ಇದನ್ನು ಅವರ ಮುಖಕ್ಕೇ ಹೇಳಬೇಕು. ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಹಗ್ಗ ವಾಪಸ್ ಕೊಡಲು ಅಜ್ಜನ ಹತ್ತಿರ ಹೋದಳು. ತನ್ನ ತುದಿಯ ಗಂಟನ್ನು ಬಿಚ್ಚಲಾಗದೆ ಕಬ್ಬಿಣದ ಬಳೆಯನ್ನೇ ಕಳಚಿ ತಂದಿದ್ದಳು.

ಅಜ್ಜ ಅದನ್ನು ಅತ್ತ ಇತ್ತ ತಿರುಗಿಸಿ ನೋಡಿದರು. “ಇದ್ಯಾರು ಗಂಟು ಹಾಕಿದ್ದು?”

“ನಾನೇ. ಮತ್ತೆ ಹಗ್ಗ ಕಟ್ಬೇಕಲ್ವಾ?”

“ನಾವು ಯಾವತ್ತೂ ಕಟ್ತಿರಲಿಲ್ಲ ಮಗಾ. ಕಟ್ಟಿದ್ರೆ ಒಂದು ಮುಳುಗಿದಾಗ ಇನ್ನೊಂದೂ ಮುಳುಗತ್ತೆ. ಎರಡನೇ ದೋಣಿಯವನು ತುದಿನ ಕೈಲಿ ಹಿಡ್ಕೋತಿದ್ದ, ಅಷ್ಟೇ. ಕೈ ಖಾಲಿ ಇಲ್ದಿದ್ರೆ ಕಾಲಡಿ ಮೆಟ್ಕೋತಿದ್ದ.”

ಬ್ರೀಶಾ ಹಗ್ಗದ ಇನ್ನೊಂದು ತುದಿಯನ್ನು ಕೈಗೆತ್ತಿಕೊಂಡಳು. “ಹಾಗಾದ್ರೆ ಅವನು ಯಾವಾಗ ಬೇಕಾದ್ರೂ ಬಿಟ್ಟುಬಿಡಬಹುದಿತ್ತು?”

“ಬಿಡಬಹುದಿತ್ತು,” ಎಂದರು ಅಜ್ಜ.

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಬಾಯಿ ತೆಗೆದೆ. ನಿನ್ನ ಬೆನ್ನು ಕಾಣಿಸ್ತು.”

ಬ್ರೀಶಾ ನಿಧಾನವಾಗಿ ಮೆಟ್ಟಿಲಿಳಿದಳು. ನೀರು ಇಳಿಯುತ್ತಿತ್ತು. ಓರಿ ಒಬ್ಬನೇ ತನ್ನ ದೋಣಿಯನ್ನು ದಡಕ್ಕೆ ಎಳೆದು ಕಟ್ಟುತ್ತಿದ್ದ. ಅವನ ಕೆಳತುಟಿ ಹಗ್ಗ ಉಜ್ಜಿ ಸುಲಿದಿತ್ತು. ದೋಣಿಯೊಳಗೆ ಕೂರುವ ಹಲಗೆಯ ಕೆಳಗೆ, ಚರ್ಮದ ಒರೆಯಲ್ಲಿ ಒಂದು ಚಾಕು ಸಿಕ್ಕಿಸಿತ್ತು. ಬ್ರೀಶಾ ಅದನ್ನು ನೋಡಿದಳು.

“ಚಾಕು ಇತ್ತಲ್ಲೋ,” ಎಂದಳು. “ಹಗ್ಗ ಕೊಯ್ದಿದ್ರೆ ಒಂದೇ ಸೆಕೆಂಡು.”

ಓರಿ ತಲೆಯೆತ್ತಲಿಲ್ಲ. “ನಿಮ್ಮಜ್ಜನ ಹಗ್ಗ ಅಲ್ವಾ,” ಎಂದ.

ಮೇಲೆ ಕಟ್ಟೆಯಲ್ಲಿ ಪೆಂಬರ್ಟನ್ ಸರ್ ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟಿದ್ದರು. ಈಗ ಓಡಿದರೂ ಸಿಗುತ್ತಿದ್ದರು. ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಅವಳ ಬಾಯಲ್ಲೇ ಇದ್ದವು. ಆದರೆ ಓರಿಯ ಆ ನಾಲ್ಕು ಸೆಕೆಂಡ್ ತೆಗೆದುಕೊಂಡವರು ಸರ್ ಅಲ್ಲ. ಡಗ್ಲಸ್‌ನವರೂ ಅಲ್ಲ.

ಅವಳು ಕೆಸರಿಗೆ ಇಳಿದು ಓರಿಯ ಒಂದು ಹುಟ್ಟನ್ನು ಹೆಗಲಿಗೆ ಹಾಕಿಕೊಂಡಳು.

“ಇನ್ನೊಂದೂ ಕೊಡು,” ಎಂದಳು.

ಓರಿ ಅವಳ ಮುಖವನ್ನೇ ಒಂದು ಕ್ಷಣ ನೋಡಿದ. ಆಮೇಲೆ ಕೊಟ್ಟ.