ಜಂಪಿ ಕೇಕು

"ಇದೇನಲೇ ಸಿದ್ದ, ಹಂದಿನಾ?"

ಈರಬಸಪ್ಪ ಮಾವ ತಟ್ಟೆಯಲ್ಲಿದ್ದ ಕೇಕು ನೋಡಿ ಹೀಗೆಂದಿದ್ದೇ ತಡ, ಪಡಸಾಲೆಯಲ್ಲಿ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಪಕ್ಕದ ಮನೆಯ ಕಾಳಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಸಿದ್ದನ ತಂಗಿ ಹೊನ್ನಿಯ ಗೆಳತಿಯರಿಗೆ ಏನೂ ಅರ್ಥವಾಗದಿದ್ದರೂ ಅವರೂ ನಕ್ಕರು.

ಮಾವನಿಗೆ ಅಷ್ಟು ಸಾಲಲಿಲ್ಲ. "ನಂಗೊಂದು ಮಾತು ಹೇಳಿದ್ರೆ ದುರ್ಗದ ಬೇಕರಿಯಿಂದ ತರ್ತಿದ್ದೆ. ಕುರಿ ಕಾಯೋ ಮನೇಲಿ ಕೇಕ್ ಮಾಡಾಕೆ ಹೋದ್ರೆ ಇನ್ನೇನಾಯ್ತದೆ" ಎಂದ. ತಾನೂ ಕುರಿ ಕಾಯುವ ಮನೆಯಲ್ಲೇ ಹುಟ್ಟಿದವನು ಎಂಬುದು, ದುರ್ಗದಲ್ಲಿ ಮೊಬೈಲ್ ಅಂಗಡಿ ಇಟ್ಟ ಮೇಲೆ ಅವನಿಗೆ ಮರೆತೇಹೋಗಿತ್ತು.

ಸಿದ್ದನ ಕಿವಿ ಕಾದ ಹಂಚಾಯಿತು. ತಿನ್ನಲಿ, ಆಮೇಲೆ ಗೊತ್ತಾಗುತ್ತೆ ಎಂದು ತುಟಿ ಕಚ್ಚಿಕೊಂಡ.

ಬೆಳಗಿನಿಂದ ಅವನು ಪಟ್ಟ ಪಾಡು ನಾಯಿಗೂ ಬೇಡ. ಹೊನ್ನಿಗೆ ಇವತ್ತು ಆರು ತುಂಬಿತ್ತು. ಅವಳಿಗೆ ಕೇಕು ಬೇಕಂತೆ. ಬರೀ ಕೇಕಲ್ಲ, ಅವಳ ಕುರಿಮರಿ ಜಂಪಿಯ ಥರದ್ದೇ ಬೇಕಂತೆ. ಫೋನಿನ ವಿಡಿಯೋದಲ್ಲಿ ಕುರಿ ಕೇಕೇನೋ ಇತ್ತು. ಆದರೆ ಅದು ಹತ್ತಿಯ ಹಾಗೆ ಬೆಳ್ಳಗಿತ್ತು. ಜಂಪಿ ಕರಿ ಕಂಬಳಿಯಷ್ಟು ಕಪ್ಪು. "ಇದು ನಮ್ದಲ್ಲ, ಯಾರ್ದೋ" ಎಂದು ಹೊನ್ನಿ ಮೂತಿ ತಿರುಗಿಸಿದ್ದಳು.

ಓವನ್ ಇರಲಿಲ್ಲ. ಕುಕ್ಕರಿನ ತಳಕ್ಕೆ ಮರಳು ಹಾಕಿ, ವಿಷಲ್ಲು ತೆಗೆದು, ಒಳಗೆ ಪಾತ್ರೆ ಇಟ್ಟು ಬೇಯಿಸಬೇಕಿತ್ತು. ಇರುವುದೊಂದು ಕುಕ್ಕರು, ಅದರಲ್ಲಿ ಮರಳು ಹಾಕಿದರೆ ಬೇಳೆಯನ್ನು ನಿಮ್ಮಪ್ಪನ ತಲೆ ಮೇಲೆ ಬೇಯಿಸಲಾ ಎಂದು ಅವ್ವ ಕೂಗಾಡಿದಳು. ಮಲ್ಲಕ್ಕಜ್ಜಿ ಬಂದು ಬಂದು ಮುಚ್ಚಳ ತೆಗೆದು ನೋಡಿದಳು. ತೆಗೆದರೆ ಕೇಕು ಕುಸಿಯುತ್ತೆ ಅಜ್ಜೀ ಎಂದು ಅವನು ಬಾಯಿ ಬಡಿದುಕೊಂಡರೆ, ಬೆಂದೈತೋ ಇಲ್ವೋ ನೋಡಬಾರದೇನೋ ಎಂದು ಮತ್ತೆ ತೆಗೆದಳು. ಹೊನ್ನಿಯಂತೂ ಹಿಟ್ಟಿಗೇ ಬೆರಳದ್ದಿ ನೆಕ್ಕುತ್ತಿದ್ದಳು.

ಇಷ್ಟೆಲ್ಲ ಆದರೂ ಕೇಕು ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ತಗ್ಗಿ, ಬಿಟ್ಟರೆ ಮೇಲೇಳುವಷ್ಟು ಮೆತ್ತಗೆ. ಸಿದ್ದನಿಗೆ ಕುಣಿಯುವಂತಾಗಿತ್ತು. ಆದರೆ ಅದನ್ನು ನೋಡಿದವನು ಅವನೊಬ್ಬನೇ. ಆಮೇಲೆ ಕೊಬ್ಬರಿ ತುರಿಯನ್ನು ಬೆಲ್ಲದ ಪಾಕದಲ್ಲಿ ಕಪ್ಪಗಾಗುವ ತನಕ ಹುರಿದು, ಉಣ್ಣೆಯ ಹಾಗೆ ಮೈತುಂಬ ಅಂಟಿಸಿದ. ಬಿಸ್ಕತ್ತಿನ ಕಿವಿ ಸಿಕ್ಕಿಸಿದ. ಎಡಗಿವಿಯ ತುದಿಗೆ ಸಣ್ಣದೊಂದು ಕಚ್ಚು ಹಾಕಿದ. ಅವರ ಮನೆಯ ಕುರಿಗಳಿಗೆಲ್ಲ ಆ ಕಚ್ಚೇ ಗುರುತು. ಎರಡು ಮಂದೆ ಬೆರೆತುಹೋದರೂ ಕಿವಿ ನೋಡಿ ತಮ್ಮವನ್ನು ಆರಿಸಿಕೊಳ್ಳುತ್ತಿದ್ದರು.

ಎಲ್ಲರೂ ಇನ್ನೂ ನಗುತ್ತಿರುವಾಗಲೇ ಹೊನ್ನಿ ಬಗ್ಗಿ ಆ ಕಚ್ಚನ್ನು ಮುಟ್ಟಿದಳು.

"ಜಂಪಿ" ಎಂದಳು.

ಅವ್ವ ಅವಳ ಕೈಗೆ ಚಾಕು ಕೊಟ್ಟಳು. "ಹ್ಞೂ, ಕುಯ್ಯವ್ವಾ" ಎಂದ ಮಾವ. "ಕುತ್ತಿಗೆಯಿಂದ ಶುರು ಮಾಡು."

ಹೊನ್ನಿ ಚಾಕು ನೋಡಿದಳು. ಕೇಕು ನೋಡಿದಳು. ಬಾಗಿಲಾಚೆ ಗೂಟಕ್ಕೆ ಕಟ್ಟಿದ್ದ ಜಂಪಿಯನ್ನು ನೋಡಿದಳು. ಚಾಕು ಕೆಳಗಿಟ್ಟುಬಿಟ್ಟಳು.

"ನಾ ಒಲ್ಲೆ. ಜಂಪಿನ ಕುಯ್ಯಲ್ಲ."

"ಅದು ಕೇಕ್ ಕಣೇ" ಎಂದು ಸಿದ್ದ ಹಲ್ಲು ಕಡಿದ. "ಮೈದಾಹಿಟ್ಟು."

"ಮತ್ತೆ ಜಂಪಿನೇ ಮಾಡ್ಕೊಡ್ತೀನಿ ಅಂದಿದ್ದೆ?"

ಹೊನ್ನಿಯ ಕಣ್ಣಲ್ಲಿ ನೀರು ಬಂತು. ಸಿದ್ದನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಜಂಪಿ ಥರ ಇಲ್ಲದಿದ್ದರೂ ಅಳು, ಇದ್ದರೂ ಅಳು. ಕುಯ್ಯದಿದ್ದರೆ ಇವರೆಲ್ಲ ತಿನ್ನುವುದು ಹೇಗೆ? ತಿನ್ನದಿದ್ದರೆ ಮಾವನ ಬಾಯಿ ಮುಚ್ಚುವುದು ಹೇಗೆ? ತಾನೇ ಚಾಕು ಎತ್ತಿಕೊಂಡ.

ಹೊನ್ನಿಯ ಬೆರಳು ಇನ್ನೂ ಆ ಕಿವಿಯ ಮೇಲೇ ಇತ್ತು. ಇಷ್ಟು ಜನರಲ್ಲಿ ಅದನ್ನು ಹಂದಿ ಅನ್ನದೆ ಗುರುತು ಹಿಡಿದವಳು ಅವಳೊಬ್ಬಳೇ.

ಸಿದ್ದ ಚಾಕು ಇಟ್ಟು ಎದ್ದುಹೋದ. ಗೋಡೆಯ ಮೊಳೆಗೆ ತೂಗುಹಾಕಿದ್ದ ಉಣ್ಣೆ ಕತ್ತರಿ ತೆಗೆದು, ಬಿಸಿನೀರಲ್ಲಿ ಸೋಪು ಹಚ್ಚಿ ತಿಕ್ಕಿ ತೊಳೆದು ತಂದ.

"ಕುಯ್ಯಬ್ಯಾಡ. ಉಣ್ಣೆ ಕತ್ತರಿಸು. ಅದ್ರಿಂದ ನೋವಾಗಲ್ಲ."

ಹೊನ್ನಿ ಮೂಗು ಒರೆಸಿಕೊಂಡಳು. ಅಷ್ಟು ದೊಡ್ಡ ಕತ್ತರಿಯನ್ನು ಅಣ್ಣ ತಂಗಿ ಸೇರಿ ಹಿಡಿದರು. ಮಲ್ಲಕ್ಕಜ್ಜಿ ಮುಂದೆ ಜರುಗಿ ಕೂತು, ಮೊದಲು ಹೊಟ್ಟೆ ಕಡೆ, ಬೆನ್ನು ಆಮೇಲೆ ಎಂದು ನಿಜವಾದ ಕುರಿಯದ್ದೇ ಉಣ್ಣೆ ತೆಗೆಸುವಂತೆ ಹೇಳಿಕೊಟ್ಟಳು. ಕಪ್ಪು ಉಣ್ಣೆ ಉಂಡೆಯುಂಡೆಯಾಗಿ ತಟ್ಟೆಗೆ ಬಿತ್ತು. ಎಲ್ಲರ ಅಂಗೈಗೂ ಒಂದಿಷ್ಟು ಬಂತು. ಮಕ್ಕಳು ಮತ್ತೆ ಕೈ ಚಾಚಿದರು.

ಮಾವ ಬೆರಳು ಚೀಪಿದ. "ಕೊಬ್ಬರಿಯೇನೋ ಪರವಾಗಿಲ್ಲ. ಒಳಗೆ ಹಸಿ ಹಿಟ್ಟು ಇರ್ಬೇಕು, ಅದಕ್ಕೇ ನೋಡ್ರಪ್ಪ ಈ ನಾಟಕ. ಏನಲೇ ಸಿದ್ದ, ಹೌದೋ ಅಲ್ವೋ?"

ಮತ್ತೆ ನಗು ಎದ್ದಿತು. ಚಾಕು ತಟ್ಟೆಯ ಪಕ್ಕದಲ್ಲೇ ಇತ್ತು. ಒಂದೇ ಒಂದು ಹೋಳು ಸಾಕಿತ್ತು.

ಹೊನ್ನಿ ತನ್ನ ಕರ್ಚೀಫು ಬಿಡಿಸಿ ಕೇಕಿನ ಬೋಳು ಬೆನ್ನಿಗೆ ಹೊದಿಸುತ್ತಿದ್ದಳು. ಉಣ್ಣೆ ತೆಗೆದ ದಿನ ಮರಿಗೆ ಚಳಿಯಾಗುತ್ತದೆ ಎಂದು ಗೆಳತಿಯರಿಗೆ ಹೇಳುತ್ತಿದ್ದಳು.

ಸಿದ್ದ ಎರಡೂ ಕೈಯಲ್ಲಿ ತಟ್ಟೆ ಎತ್ತಿಕೊಂಡ. ಕರ್ಚೀಫು ಜಾರದ ಹಾಗೆ ನಿಧಾನಕ್ಕೆ ಹೆಜ್ಜೆ ಇಡುತ್ತ, ಮಾವನ ಮುಂದೆಯೇ ಹಾದು ಒಳಗೆ ನಡೆದ.