ಹೊಸ ಪ್ರೊಸೆಸರ್ ಬರುವವರೆಗೆ

"ಇದನ್ನ ಈಗ ತಗೋಬೇಡಿ ಮೇಡಂ!"

ಅವಳು ಬೆಚ್ಚಿ ತಲೆಯೆತ್ತಿದಳು. ಲ್ಯಾಪ್‌ಟಾಪಿನ ಡಬ್ಬಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಕೌಂಟರಿನ ಆಚೆ ನಿಂತವನ ಕೈಯಲ್ಲಿ. ಇವಳು ಎಳೆದರೆ ಅವನು ಬಿಡಲೊಲ್ಲ!

"ಅಂಗಡಿ ತೆಗೆದಿರೋದು ಮಾರೋಕಲ್ವಾ?"

"ಮಾರೋಕೇ. ಆದ್ರೆ ಇನ್ನು ಆರು ವಾರಕ್ಕೆ ಹೊಸ ಪ್ರೊಸೆಸರ್ ಬರ್ತಿದೆ. ಧ್ವನಿ ತಯಾರಿಸೋ ಸಾಫ್ಟ್‌ವೇರ್ ಓಡಿಸ್ಬೇಕು ಅಂದ್ರಲ್ಲ? ಅಂಥ ಕೆಲಸಕ್ಕೆ ಅಂತಲೇ ಅದ್ರಲ್ಲಿ ಒಂದು ಭಾಗ ಇಟ್ಟಿದ್ದಾರೆ. ಇದು ಹತ್ತು ದಿನ ತಿಣುಕೋದನ್ನ ಅದು ಒಂದೇ ದಿನದಲ್ಲಿ ಮುಗಿಸುತ್ತೆ. ಸ್ವಲ್ಪ ತಾಳಿ."

ಪಕ್ಕದ ಮೇಜಿನಲ್ಲಿ ಪ್ರಿಂಟರ್ ಬಿಚ್ಚುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. "ನಮ್ಮ ತಾಳಪ್ಪನ ಕೈಗೆ ಸಿಕ್ಕಿದ್ರಾ? ಮುಗೀತು! ಈಯಪ್ಪ ತಟ್ಟೆ ಮುಂದೆ ಕೂತ್ರೂ, ತಾಳೋಣ, ಇನ್ನೂ ಬಿಸಿಯಾಗಿರೋದು ಬರ್ಬಹುದು ಅಂತಾನೆ."

ತಾಳಪ್ಪನ ಕಿವಿ ಕೆಂಪಾಯಿತು. ಅವನು ಅವಳ ಕಣ್ಣನ್ನೇ ನೋಡಿ ಮೆಲ್ಲಗೆ ಕೇಳಿದ. "ಅವಸರ ಇದ್ಯಾ ಮೇಡಂ?"

ಇದೆ! ಎಂದು ಅವಳ ಎದೆ ಕೂಗಿತು. ಬಾಯಿ ಮಾತ್ರ, "ಹಾಗೇನಿಲ್ಲ... ಆಫೀಸಿನ ಕೆಲಸ" ಎಂದಿತು.

ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಕೆಳಗಿನ ಸಾಲು ಓದಿ, ಈಗ ಎಡಗಣ್ಣು ಮುಚ್ಚಿ ಎನ್ನುವ ಕೆಲಸಕ್ಕೆ ಧ್ವನಿ ತಯಾರಿಸುವ ಯಂತ್ರ ಯಾಕೆ ಬೇಕು? ಬೇಕಾಗಿದ್ದದ್ದು ಅಪ್ಪನಿಗೆ.

ಅಪ್ಪ ಡ್ರೈವಿಂಗ್ ಮೇಷ್ಟ್ರು. ಇಪ್ಪತ್ತೆಂಟು ವರ್ಷ "ಬ್ರೇಕ್! ಬ್ರೇಕ್ ಒತ್ತೋ ಮಾರಾಯ!" ಎಂದು ಕಿರುಚಿದ ಆ ಗಂಟಲಲ್ಲಿ ಈಗ ಗಡ್ಡೆ. ಮೂರು ತಿಂಗಳು ಔಷಧಿ ಕೊಟ್ಟು ನೋಡೋಣ, ಕರಗದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ವೈದ್ಯರು. ಮುಂಚೆಯೇ ಅವರ ಮಾತುಗಳನ್ನು ಹಿಡಿದಿಟ್ಟರೆ, ಆಮೇಲೆ ಅವರು ಟೈಪ್ ಮಾಡಿದ್ದನ್ನು ಲ್ಯಾಪ್‌ಟಾಪ್ ಅವರದೇ ಧ್ವನಿಯಲ್ಲಿ ಆಡುತ್ತದೆ ಎಂದು ಆಸ್ಪತ್ರೆಯ ಮಾತಿನ ಡಾಕ್ಟರಮ್ಮ ದಾರಿ ತೋರಿಸಿದ್ದರು.

"ಯಾರಿಗೂ ಹೇಳ್ಬೇಡ ಪುಟ್ಟಿ," ಎಂದು ಅಪ್ಪ ಮಾತು ತೆಗೆದುಕೊಂಡಿದ್ದರು. "ಅಯ್ಯೋ ಪಾಪ ಅಂತ ನೋಡೋ ಕಣ್ಣು ನಂಗೆ ಬೇಡ."

ಅದಕ್ಕೇ ಆ ಸುಳ್ಳು. ಮೂರು ತಿಂಗಳು ಸಮಯವಿದೆಯಲ್ಲ ಎಂಬ ಧೈರ್ಯ ಬೇರೆ.

ಪ್ರತಿ ಶನಿವಾರ ಮಧ್ಯಾಹ್ನ ಅವಳು ಅಂಗಡಿಗೆ ಹೋಗತೊಡಗಿದಳು. "ಬಂತಾ?" "ಇನ್ನೂ ಇಲ್ಲ." ಇಷ್ಟು ಮಾತಿಗೆ ಒಂದು ಗಂಟೆ! ಅವನು ಬಿಚ್ಚಿದ ಯಂತ್ರದೊಳಗೆ ಬೆರಳು ತೋರಿಸಿ ವಿವರಿಸುವನು, ಅವಳು ಅವನ ಬೆರಳುಗಳನ್ನು ನೋಡುತ್ತ ಕೂರುವಳು. ಒಂದು ದಿನ ಅವನನ್ನು ಬೆಳಕಿನತ್ತ ತಿರುಗಿಸಿ, "ನಿಮ್ಗೆ ಬಲಗಣ್ಣಲ್ಲಿ ಪವರ್ ಇದೆ, ಕನ್ನಡಕ ಬೇಕು" ಎಂದಾಗ ಅವನು ಉಸಿರಾಡುವುದನ್ನೇ ಮರೆತ.

ಆರನೆಯ ವಾರ ಅವನು ಮುಖ ಸಣ್ಣದು ಮಾಡಿಕೊಂಡು, "ಬಿಡುಗಡೆ ಮುಂದಕ್ಕೆ ಹಾಕಿದ್ದಾರೆ ಮೇಡಂ... ಇನ್ನೂ ಮೂರು ವಾರ" ಎಂದ.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ! ಇನ್ನೂ ಮೂರು ಶನಿವಾರ...

ಮುಂದಿನ ಶನಿವಾರ ಬೆಳಿಗ್ಗೆ ವೈದ್ಯರು ಹೇಳಿದರು. "ಔಷಧಿ ಹಿಡೀಲಿಲ್ಲ. ಗಡ್ಡೆ ಬೆಳೀತಿದೆ. ಗುರುವಾರ ಆಪರೇಷನ್."

ಗುರುವಾರ! ನಡುವೆ ಉಳಿದದ್ದು ನಾಲ್ಕೇ ದಿನ!

ಅವಳು ಅಂಗಡಿಗೆ ಓಡಿದಳು. ಚಪ್ಪಲಿಯ ಪಟ್ಟಿ ಕಿತ್ತದ್ದೂ ತಿಳಿಯಲಿಲ್ಲ.

"ಕೊಡಿ! ಅವತ್ತು ನೋಡಿದ್ದನ್ನೇ ಕೊಡಿ. ಯಾವುದಾದ್ರೂ ಕೊಡಿ!"

ಅವನು ತಡವರಿಸಿದ. "ಅದು... ಖಾಲಿ ಆಯ್ತು ಮೇಡಂ. ಹೊಸದು ಬರೋ ಮುಂಚೆ ಹಳೇದನ್ನ ಯಾರೂ ತರಿಸಲ್ಲ. ಊರಲ್ಲೆಲ್ಲೂ ಇಲ್ಲ. ಎರಡು ವಾರ..."

"ತಾಳಿ ಅನ್ಬೇಡಿ!" ಅವಳು ಕೂಗಿದಳು. "ಗುರುವಾರ ನಮ್ಮಪ್ಪನ ಗಂಟಲು ಕೊಯ್ತಾರೆ! ಆಮೇಲೆ ಅವರು ಮಾತಾಡಲ್ಲ. ಯಾವತ್ತೂ ಮಾತಾಡಲ್ಲ! ನಂಗೆ ಬೇಕಿದ್ದದ್ದು ಅವರ ಧ್ವನಿ... ನಿಮ್ಮ ಮಾತು ನಂಬಿ ಕೂತೆನಲ್ಲ, ನನ್ನ ಬುದ್ಧಿಗಿಷ್ಟು!"

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಆಫೀಸಿನ ಕೆಲಸ ಅಂದಿದ್ರಿ..."

"ಹೌದು, ಅಂದಿದ್ದೆ!"

ಅವನು ಅಲ್ಲಿಗೇ ಸುಮ್ಮನಿದ್ದರೆ ತಪ್ಪೆಲ್ಲ ಅವಳದೇ ಆಗಿ ಹೋಗುತ್ತಿತ್ತು. ಆದರೆ ಅವನು ಕೌಂಟರ್ ಹಿಡಿದುಕೊಂಡು, ತಲೆ ತಗ್ಗಿಸಿ ಹೇಳಿದ. "ಮೊದಲ ದಿನ ಹೇಳಿದ್ದು ಸತ್ಯ ಮೇಡಂ. ಮುಂದಕ್ಕೆ ಹೋಯ್ತು ಅಂತ ಗೊತ್ತಾದಾಗ ಮಾತ್ರ... ಇರೋದನ್ನೇ ತಗೊಂಡುಬಿಡಿ ಅನ್ಬೇಕಿತ್ತು. ಒಂದು ಪೀಸ್ ಉಳಿದಿತ್ತು. ಅನ್ಲಿಲ್ಲ."

"ಯಾಕೆ?"

"ತಗೊಂಡ್ರೆ... ನೀವು ಶನಿವಾರ ಬರಲ್ಲ ಅಂತ."

ಅವಳು ಏಳು ವಾರದಿಂದ ಕೇಳಲು ಕಾದಿದ್ದ ಮಾತದು. ಈಗ ಬಂದು ಕೆನ್ನೆಗೆ ಹೊಡೆದಂತಾಯಿತು.

"ನಿಮ್ಮ ಮುಖ ನೋಡೋಕೆ ಇಷ್ಟ ಇಲ್ಲ," ಎಂದು ಹೊರಟಳು. ಬೀದಿಯ ತಿರುವಿನಲ್ಲಿ ಗೋಡೆಗೊರಗಿ ನಿಂತಾಗ ಒಳಗೊಂದು ಪ್ರಶ್ನೆ ಇರಿಯಿತು. 'ಅವನೊಬ್ಬನೇನಾ ತಪ್ಪು ಮಾಡಿದ್ದು? ಬಿಡುಗಡೆ ಮುಂದಕ್ಕೆ ಹೋಯ್ತು ಅಂದಾಗ ನೀನು ಹಿಗ್ಗಲಿಲ್ವಾ? ಅಪ್ಪನ ಧ್ವನಿಗಿಂತ ನಿನಗೆ ಶನಿವಾರ ಹೆಚ್ಚಾಯ್ತಾ?' ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಅವನೇ! ಹೆಗಲಿಗೊಂದು ಚೀಲ, ಕಂಕುಳಲ್ಲಿ ಮೈಕು.

"ಬೈಯಿರಿ. ಆದ್ರೆ ರೆಕಾರ್ಡ್ ಮಾಡ್ತಾ ಬೈಯಿರಿ," ಎಂದ ಒಂದೇ ಉಸಿರಿಗೆ. "ಬುಕಿಂಗ್ ಪುಸ್ತಕದಲ್ಲಿ ನಿಮ್ಮ ವಿಳಾಸ ಇತ್ತು. ನಿನ್ನೆಯೇ ಆಸ್ಪತ್ರೇಲಿ ವಿಚಾರಿಸಿ ಮಾತಿನ ಡಾಕ್ಟರಮ್ಮನ್ನ ಕಂಡು ಬಂದೆ. ಮಾತು ಹಿಡಿಯೋಕೆ ಹೊಸ ಪ್ರೊಸೆಸರ್ ಬೇಡ ಮೇಡಂ! ಹಿಡಿದ ಮೇಲೆ ಅರೆಯೋಕೆ ಬೇಕು. ಧಾನ್ಯ ಮೊದಲು ಮನೆ ಸೇರ್ಲಿ, ಹಿಟ್ಟು ಯಾವ ಗಿರಣೀಲಾದ್ರೂ ಆಗುತ್ತೆ. ನೀವು ಆಗ್ಲೇ ಹಿಡಿದಿಟ್ಟಿದ್ದೀರಿ ಅಂದ್ಕೊಂಡಿದ್ದೆ ನಾನು..."

"ಹೊಸ ಲ್ಯಾಪ್‌ಟಾಪ್ ಬಂದ ಮೇಲೇ ಹಿಡೀಬೇಕು ಅಂದ್ಕೊಂಡಿದ್ದೆ ನಾನು," ಎಂದಳು. ಒಂದು ಮಾತು ಬಿಚ್ಚಿ ಆಡಿದ್ದರೆ ಏಳು ವಾರ ಉಳಿಯುತ್ತಿತ್ತು!

ಒಳಗಿನಿಂದ ಕರಕರ ಧ್ವನಿ. "ಯಾರು ಪುಟ್ಟಿ ಅದು, ಹಾರ್ನ್ ಹೊಡೀತಾ ನಿಂತಿರೋದು? ಒಳಗೆ ಬರ್ಲಿ."

ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದರು. ಬೀರುವಿನ ಬಾಗಿಲು ತೆರೆದು, ನೇತಾಡುವ ಬಟ್ಟೆಗಳ ಮುಂದೆ ಅಪ್ಪನನ್ನು ಕೂರಿಸಿದರು. ಬಟ್ಟೆ ಸದ್ದನ್ನು ಹೀರುತ್ತದಂತೆ. ಕಡಿಮೆಯೆಂದರೂ ನಾನೂರು ವಾಕ್ಯ ಬೇಕು. ಹತ್ತು ವಾಕ್ಯಕ್ಕೊಮ್ಮೆ ಕೆಮ್ಮು, ಕೆಮ್ಮಿದ್ದನ್ನು ಅಳಿಸಿ ಮತ್ತೆ ಅದೇ ವಾಕ್ಯ. ಸೋಮವಾರ ಮುಗಿಯುವಾಗ ನೂರಾ ನಲವತ್ತು. ಮಂಗಳವಾರ ಅಪ್ಪನ ಧ್ವನಿ ಅರ್ಧ ದಿನ ಏಳಲೇ ಇಲ್ಲ. ಅವಳು ಬಿಸಿನೀರಿನ ಲೋಟ ಹಿಡಿದು ನಿಂತೇ ಇದ್ದಳು.

ಅವಳು ಅವನೊಡನೆ ಮಾತಾಡಲಿಲ್ಲ. ಅಪ್ಪ ಬಿಡುವರೇ?

"ಏನಪ್ಪಾ, ನಿಂಗೆ ಮದುವೆ ಆಗಿದ್ಯಾ?"

"ಇಲ್ಲ ಸಾರ್. ಒಳ್ಳೆ ಸಮಯ ನೋಡ್ಕೊಂಡು..."

"ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿದ್ರೆ ಸದ್ದು ಬರುತ್ತೆ ಕಣೋ, ಮುಂದಕ್ಕೆ ಹೋಗಲ್ಲ!"

ಬುಧವಾರ ಇಳಿಹೊತ್ತಿಗೆ ನಾನೂರಾ ಆರು. ಅಪ್ಪ ಮೈಕನ್ನು ಪಕ್ಕಕ್ಕೆ ಸರಿಸಿ, ಉಳಿದಿದ್ದ ಧ್ವನಿಯಲ್ಲಿ ಮಗಳ ಹೆಸರು ಹಿಡಿದು ಒಂದೇ ಸಲ ಕರೆದರು. ರೆಕಾರ್ಡ್ ಮಾಡಲು ಅಲ್ಲ. ಸುಮ್ಮನೆ. ತಾಳಪ್ಪ ಎದ್ದು ಹೊರಗೆ ಹೋಗಿ ನಿಂತ.

ಆಪರೇಷನ್ ಆಯಿತು. ಅಪ್ಪ ಕಣ್ಣು ಬಿಟ್ಟರು. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ.

ವಾರ್ಡಿನ ಮೂಲೆಯಲ್ಲಿ ತಾಳಪ್ಪನ ಹಳೆಯ ಲ್ಯಾಪ್‌ಟಾಪ್ ಹಿಡಿದಿಟ್ಟ ಮಾತುಗಳನ್ನು ಅರೆಯುತ್ತ ಗಾಣದೆತ್ತಿನಂತೆ ಸುತ್ತುತ್ತಿತ್ತು. ಬಿಸಿಯೇರಿ ಎರಡು ಸಲ ನಿಂತುಹೋಗಿತ್ತು. ನಿಂತಾಗಲೆಲ್ಲ ಮತ್ತೆ ಮೊದಲಿನಿಂದ. ಅಪ್ಪ ಈಗ ಚೀಟಿಯಲ್ಲಿ ಬರೆಯುವುದನ್ನೂ ಬಿಟ್ಟು ಗೋಡೆಯತ್ತ ತಿರುಗಿ ಮಲಗುತ್ತಿದ್ದರು. ಡಾಕ್ಟರಮ್ಮ ಎಚ್ಚರಿಸಿದ್ದರು. "ಬೇಗ ಮಾತು ಸಿಗದಿದ್ರೆ ಇವರು ಮನಸ್ಸನ್ನೇ ಮುಚ್ಚಿಬಿಡ್ತಾರೆ."

ಹನ್ನೊಂದನೆಯ ದಿನ ಅವನು ಓಡುತ್ತ ಬಂದ. "ಹೊಸ ಪ್ರೊಸೆಸರ್ ಬಂತು ಮೇಡಂ! ಮೊದಲ ಪೀಸ್ ತೆಗೆದಿರಿಸಿದ್ದೀನಿ."

ಆ ಶನಿವಾರದ ಜಗಳದ ನಂತರ ಅವಳು ಮೊದಲ ಬಾರಿಗೆ ಅವನತ್ತ ನೇರ ನೋಡಿದಳು. ಹಳೆಯ ಯಂತ್ರದ ಪರದೆಯಲ್ಲಿ ನೂರಕ್ಕೆ ಎಪ್ಪತ್ತೆಂಟು.

"ಇನ್ನೆರಡು ದಿನಕ್ಕೆ ಇದೇ ಮುಗಿಸುತ್ತಲ್ಲ... ಹೊಸ ಮಾದರಿಯಲ್ಲಿ ದೋಷ ಇರ್ಬಹುದು, ಬೇರೆಯವರು ಬಳಸಿ ನೋಡ್ಲಿ ಅಂತ ನೀವೇ ಎಲ್ರಿಗೂ ಹೇಳ್ತೀರಿ. ತಾಳ್ಬೇಕಾ?"

"ಬೇಡ. ಇದು ಮೂರನೇ ಸಲ ನಿಲ್ಲಲ್ಲ ಅನ್ನೋಕೆ ಆಗಲ್ಲ. ಇವತ್ತೇ ತಗೊಳ್ಳಿ, ನಾಳೆ ಹೊತ್ತಿಗೆ ಅಪ್ಪ ಮಾತಾಡ್ತಾರೆ."

"ತಗೊಂಡ್ರೆ ನಂಗೆ ನಿಮ್ಮ ಅಂಗಡೀಲಿ ಏನೂ ಕೆಲಸ ಇರಲ್ಲ."

"ಗೊತ್ತು. ಆದ್ರೂ ತಗೊಳ್ಳಿ."

ಅವಳ ಕಣ್ಣು ತುಂಬಿ ಬಂತು. ತನ್ನ ಆಸೆಗಾಗಿ ಒಮ್ಮೆ ತಡೆದವನು, ಇಂದು ಅದೇ ಆಸೆಯನ್ನು ತುಳಿದು ದಾರಿ ಬಿಡುತ್ತಿದ್ದಾನೆ...

"ನಾನೂ ಒಂದು ಹೇಳ್ಬೇಕು," ಎಂದಳು. "ಮೂರು ವಾರ ಮುಂದಕ್ಕೆ ಹೋಯ್ತು ಅಂದ್ರಲ್ಲ, ಅವತ್ತು ನಾನು ಖುಷಿಪಟ್ಟೆ. ಅಪ್ಪನಿಗೆ ಗಡ್ಡೆ ಇದೆ ಅಂತ ಗೊತ್ತಿದ್ದೂ ಖುಷಿಪಟ್ಟೆ! ನಿಮ್ಗೆ ಬೈದಿದ್ದರಲ್ಲಿ ಅರ್ಧ ಬೈಗುಳ ನಂದು."

ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಅಷ್ಟೇ.

ಮರುದಿನ ಮಧ್ಯಾಹ್ನ ಹೊಸ ಲ್ಯಾಪ್‌ಟಾಪನ್ನು ಅಪ್ಪನ ತೊಡೆಯ ಮೇಲಿಟ್ಟರು. ಅಪ್ಪ ಒಂದೊಂದೇ ಅಕ್ಷರ ಒತ್ತಿದರು.

ಕರಕರ ಧ್ವನಿ ಎದ್ದಿತು. ಅದೇ! ಅಪ್ಪನದೇ!

"ಹುಡುಗ ಪರವಾಗಿಲ್ಲ ಪುಟ್ಟಿ. ಕಲಿಸಿದ್ರೆ ಕಲೀತಾನೆ."

ಅವಳು ಅಪ್ಪನ ಪಾದಕ್ಕೆ ಮುಖ ಒತ್ತಿ ಬಿಕ್ಕಿದಳು. ಪಕ್ಕದ ಮಂಚದ ರೋಗಿ ಎದ್ದು ಕೂತ. ಅಪ್ಪನ ಭುಜ ಅಲ್ಲಾಡುತ್ತಿತ್ತು. ಅವರು ಸದ್ದಿಲ್ಲದೆ ನಗುತ್ತಿದ್ದರು, ಹನ್ನೆರಡು ದಿನಗಳಲ್ಲಿ ಮೊದಲ ಸಲ.

ತಾಳಪ್ಪ ಅವಳ ಪಕ್ಕ ಮಂಡಿಯೂರಿದ. "ಸ್ವಲ್ಪ ಒರಟಾಗಿ ಬಂದಿದೆ. ನಯ ಮಾಡ್ಲಾ?"

"ಬೇಡ. ಅಪ್ಪ ಇರೋದೇ ಹಾಗೆ."

"ಮತ್ತೆ ನಂಗೇನು ಕೆಲಸ?"

ಅವಳು ಒದ್ದೆ ಕೆನ್ನೆಯನ್ನು ಅವನ ಹೆಗಲಿಗೆ ಒರಸಿದಳು.

"ಇಲ್ಲೇ ಕೂತ್ಕೊಳ್ಳಿ."