ತಗಡಿನ ಕೋಣೆಯ ಗಿಟಾರು

ಫರಹೀನ ಎಂಬ ಹುಡುಗಿ ಜೇವರ್ಗಿ ಬಸ್‌ಸ್ಟ್ಯಾಂಡಿನಿಂದ ಮೇ ತಿಂಗಳ ಬಿಸಿಲಲ್ಲಿ ಅನುರಾಧಾ ಅವರ ಮನೆಗೆ ನಡೆದೇ ಬಂದಿದ್ದಳು. ಹಮೀದಾಬೇಗಂ ಕೊಟ್ಟ ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳೇ ಹೊರತು ಕುಡಿಯಲಿಲ್ಲ.

“ನಾಳಿಗೆ ನಮ್ಮ ಅಬ್ಬಾನ್ನ ಹಿಡಕೊಂಡು ಹೋಗ್ತಾರಂತ್ರಿ ಮೇಡಂ. ಧೀರೇಂದ್ರ ಮಾಸ್ತರನ್ನ ಅಬ್ಬಾನೇ ಕೊಂದಾರ ಅಂತ ಅಫಜಲಪುರದಾಗ ಎಲ್ಲಾರೂ ಅನ್ನಾಕತ್ತಾರ.”

ಅನುರಾಧಾ ಓದುತ್ತಿದ್ದ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಪ್ರಯೋಗಾಲಯದ ಬೀಗ ಮುರಿಯದೆ ನಡೆದ ಒಂದು ಕಳವನ್ನು ಹಿಂದೊಮ್ಮೆ ಪತ್ತೆ ಮಾಡಿದಂದಿನಿಂದ ಸುತ್ತಲಿನ ತಾಲೂಕುಗಳ ಜನ ಬಿಡಿಸಲಾಗದ ಗಂಟುಗಳನ್ನು ಅವರ ಬಾಗಿಲಿಗೆ ತರುತ್ತಿದ್ದರು. ಅದೇ ಕಾಲೇಜಿನ ಗ್ರಂಥಾಲಯದಲ್ಲಿದ್ದ ಹಮೀದಾಬೇಗಂ ಕೂಡ ಅನುರಾಧಾ ಜೊತೆಗೆ ಹೋಗುವುದು ರೂಢಿ. ಅನುರಾಧಾ ವಸ್ತುಗಳನ್ನು ನೋಡುತ್ತಿದ್ದರು, ಹಮೀದಾಬೇಗಂ ಮನುಷ್ಯರನ್ನು.

“ಮೊದಲಿಂದ ಹೇಳವ್ವಾ,” ಅಂದರು ಅನುರಾಧಾ.

ಧೀರೇಂದ್ರ ಮಾಸ್ತರು ಅಫಜಲಪುರದಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಗಿಟಾರು ವಾದಕರು. ಮೊನ್ನೆ ಮಧ್ಯಾಹ್ನ ಊಟ ಕೊಟ್ಟು ಹೋದ ಅವರ ಹೆಂಡತಿ ಪ್ರಮಿಲಾ ಸಂಜೆ ಚಹಾ ತಂದಾಗ ಅವರು ತಾಲೀಮಿನ ಕೋಣೆಯಲ್ಲಿ ಸತ್ತು ಬಿದ್ದಿದ್ದರು. ಮೈಕಿನ ಕಬ್ಬಿಣದ ಸ್ಟ್ಯಾಂಡಿನಿಂದ ತಲೆಗೆ ಪೆಟ್ಟು ಬಿದ್ದಿತ್ತು. ಪಕ್ಕದಲ್ಲಿ ಸಿಕ್ಕಿದ್ದು ರೇಡಿಯೊ ರಿಪೇರಿಯ ಸಿಕಂದರನ ಕೈಚೀಲ.

“ಅಬ್ಬಾ ಹೋಗಿದ್ದು ಖರೇ ಅದ್ರಿ. ಮಾಸ್ತರೇ ಕರೆಸಿದ್ರು. ಒಳಗ ಹೋಗಿ ನೋಡಿದ್ರ ರಕ್ತದಾಗ ಬಿದ್ದಾರ, ಉಸಿರಿಲ್ಲ. ಅಂಜಿ ಚೀಲ ಅಲ್ಲೇ ಬಿಟ್ಟು ಓಡಿ ಬಂದಾರ. ಯಾರಿಗೂ ಹೇಳಲಿಲ್ಲ. ಹಿಂದಿನ ವಾರ ಇಬ್ಬರೂ ಚಹಾದಂಗಡಿ ಮುಂದ ಜಗಳಾಡಿದ್ದು ಊರೆಲ್ಲಾ ನೋಡ್ಯದ.”

“ಜಗಳ ಯಾತಕ್ಕ?”

“ಒಂದು ಫಝ್ ಪೆಡಲ್ ಸಲುವಾಗಿ. ಗಿಟಾರಿನ ಧ್ವನಿ ಗುಂಯ್ ಅನ್ನೂ ಹಂಗ ಮಾಡೋ ಡಬ್ಬಿ. ಖಜೂರಿ ಊರಿನ ಒಂದು ಮನ್ಯಾಗಿನ ಹಳೇ ರೇಡಿಯೊ ಬಿಚ್ಚಿ, ಅದರ ಟ್ರಾನ್ಸಿಸ್ಟರ್ ಹಾಕಿ ಅಬ್ಬಾನೇ ಮಾಸ್ತರಿಗೆ ಮಾಡಿಕೊಟ್ಟಿದ್ರು. ಮಾಸ್ತರ ಶಿಷ್ಯ ಮಯೂರ ಚಳಿಗಾಲದಾಗ ಅದನ್ನ ಇಸ್ಕೊಂಡು ಹೋದಾಂವ ತಿರುಗಿ ಕೊಟ್ಟಿಲ್ಲ. ಅವಗ ಕೊಡ್ರಿ ಅಂತ ಆಗ ಮಾಸ್ತರಿಗೆ ಹೇಳಿದಾಂವ ಅಬ್ಬಾ. ‘ನೀನೇ ಕೊಡಿಸಿದಿ, ನೀನೇ ಇಸ್ಕೊಂಡು ಬಾ’ ಅಂತ ಮಾಸ್ತರು ಬೈದ್ರು. ಅಷ್ಟೇ ರಿ.”

ಹಮೀದಾಬೇಗಂ ಅವಳ ಕೈಯಿಂದ ತಂಬಿಗೆ ತೆಗೆದುಕೊಂಡು ಲೋಟಕ್ಕೆ ನೀರು ಬಗ್ಗಿಸಿದರು. “ಮೊದಲು ಕುಡಿ ಬೇಟಾ. ಮುಂದಿನ ಬಸ್ಸಿಗೆ ಎಲ್ಲಾರೂ ಹೋಗೂಣು.”

ಅಫಜಲಪುರದ ಇನ್ಸ್‌ಪೆಕ್ಟರ್ ಮಲ್ಲಣ್ಣ ಅನುರಾಧಾ ಅವರ ಹಳೆಯ ವಿದ್ಯಾರ್ಥಿ. ತಾಲೀಮಿನ ಕೋಣೆಯ ಬೀಗವನ್ನು ತಾನೇ ತೆಗೆದ.

“ಮೇಡಂ, ನೀವು ಬಂದಿದ್ದು ಸಂತೋಷ. ಆದ್ರ ಇದರಾಗ ಗಂಟೇನೂ ಇಲ್ಲ. ಒಳಗ ಹೋದಾಂವ ಸಿಕಂದರ ಒಬ್ಬನೇ. ಮಯೂರನ್ನೂ ವಿಚಾರಿಸೇನಿ. ಅಂವ ಆಗ ತನ್ನ ಕೋಣ್ಯಾಗ ಗಿಟಾರು ಬಾರಿಸ್ಕೋತ ಕೂತಿದ್ದ. ಮನಿ ಮಾಲಕಿ ಹಜರಾಬಿ ಕೆಳಗ ಕೂತು ಕೇಳ್ಯಾಳ.”

ಕೋಣೆಯ ಮೂಲೆಯಲ್ಲಿ ನೀರಿನ ಮಡಕೆ ಇತ್ತು. ಅದರ ಪಕ್ಕದ ಸಣ್ಣ ಮಣೆಯ ಮೇಲೆ ಒಂದು ಬಟ್ಟೆ ಮಡಚಿಟ್ಟಿತ್ತು. ನೀರು ಕುಡಿದು ಕುಡಿದು ಅದಕ್ಕೆ ಕಂದು ಕಲೆ ಬಿದ್ದಿತ್ತು. ಮಣೆ ಖಾಲಿ.

“ಇಲ್ಲಿ ಏನಿಡ್ತಿದ್ದರು ಪ್ರಮಿಲಾ ವೈನಿ?” ಅನುರಾಧಾ ಕೇಳಿದರು.

ಪ್ರಮಿಲಾ ಬಾಗಿಲ ಹತ್ತಿರವೇ ನಿಂತಿದ್ದರು. ಒಳಗೆ ಕಾಲಿಡುವುದು ಅವರಿಗೆ ಆಗುತ್ತಿರಲಿಲ್ಲ. “ಅದೇ ಫಝ್ ಡಬ್ಬಿ. ಮಯೂರ ಒಯ್ಯೂಕಿಂತ ಮೊದಲು, ಬ್ಯಾಸಗಿಯಾಗ ಹಸಿ ಬಟ್ಟಿ ಸುತ್ತಿ ಮಡಕಿ ಬಾಜೂಕ ಇಡ್ತಿದ್ರು. ಹಾಲಿನ ಪಾತೇಲಿ ಇಟ್ಟಂಗ. ನಸುಕಿನ್ಯಾಗ ತೆಗೆದು ಬಾರಿಸಿ, ಬಿಸಿಲು ಏರೂದ್ರಾಗ ಮತ್ತ ಇಟ್ಟುಬಿಡೋರು. ‘ಡಬ್ಬಿಗಿ ಜ್ವರ ಬಂದದೇನ್ರಿ ಮಾಸ್ತರ?’ ಅಂತ ಮಯೂರ ನಗ್ತಿದ್ದ. ಮುದುಕರ ಹುಚ್ಚು ಅಂತ ತಿಳಕೊಂಡಿದ್ದ.”

“ನಿಮಗ ಅವರ ಬಾರಿಸೂದು ಗುರುತು ಸಿಗ್ತಿತ್ತೇನು?”

“ಕಣ್ಣು ಮುಚ್ಚಿದ್ರೂ ಸಿಗ್ತಿತ್ತು. ಸಣ್ಣವರಿದ್ದಾಗ ಜಿಡಗಾ ಮಠದ ಭಜನಿಯಾಗ ತಬಲಾ ಬಾರಿಸಿದ ಕೈ ಅದು. ಪಲ್ಲವಿಗೆ ತಿರುಗೋ ಮುಂದ ತಂತಿ ಮ್ಯಾಲ ಬೆರಳ ಗೆಣ್ಣಿಲೆ ಎರಡು ಸಲ ಬಡಿಯೋರು. ಒಳಗ ರೊಟ್ಟಿ ಬಡಿಯೋ ಮುಂದ ಅದು ಕೇಳಿದ್ರ, ಪಲ್ಲವಿ ಬಂತು ಅಂತ ನಂಗ ತಿಳೀತಿತ್ತು.” ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಹಿಂದಿನ ದಿನ ಹುಬ್ಬಳ್ಳಿಯಿಂದ ಫೋನು ಬಂದಿತ್ತು. ಯಾವುದೋ ಹಾಡಿನ ಕಂಪನಿಯವರು. ‘ನಿಮ್ಮ ಶಿಷ್ಯನ ರಚನಾ ಭಾಳ ಛಲೋ ಅದ’ ಅಂದ್ರಂತ. ಆಮ್ಯಾಲ ಅವರು ಊಟಾನೇ ಮಾಡಲಿಲ್ಲ.”

ಹಜರಾಬಿಯ ಮನೆ ಎರಡು ಓಣಿ ಆಚೆಗಿತ್ತು. ಆಳಂದ ಕಡೆಯಿಂದ ಬಂದಿದ್ದ ಮಯೂರ ಮಾಳಿಗೆಯ ಮೇಲೆ ಹಲಗೆಯ ನೆಲದ, ತಗಡಿನ ಸೂರಿನ ಕೋಣೆಯಲ್ಲಿ ಬಾಡಿಗೆಗಿದ್ದ. ಮೆಟ್ಟಿಲು ಹಿಂದಿನ ಓಣಿಗೆ ಇಳಿಯುತ್ತಿತ್ತು. ನೀರಿನ ನಳ ಮಾತ್ರ ಹಜರಾಬಿಯ ಅಂಗಳದಲ್ಲಿ.

ಹಮೀದಾಬೇಗಂ ಹಜರಾಬಿಯ ಜೊತೆ ಹೊರಸಿನ ಮೇಲೆ ಕೂತು ಎಲೆ ಅಡಿಕೆ ಹಂಚಿಕೊಂಡರು. ಸ್ವಲ್ಪ ಹೊತ್ತಿಗೆ ಹಜರಾಬಿಯ ಮಾತು ತಾನಾಗಿ ಹರಿಯಿತು.

“ಮಧ್ಯಾಹ್ನ ಜೋಹರಿನ ನಮಾಜು ಮುಗಿಸಿ ಅಡ್ಡಾದೆ ನೋಡ್ರಿ ಆಪಾ, ಆಗ ಚಾಲೂ ಆಯ್ತು. ಇಳಿಹೊತ್ತಿನ ಅಸರ ನಮಾಜಿಗೆ ಏಳೂತನಾ ಬಾರಿಸೇ ಬಾರಿಸಿದ. ಜೇನುಹುಳ ಎದ್ದಂಗ ಗುಂಯ್ ಅಂತಿತ್ತು. ನಡುವ ಸಣ್ಣಾಗಿ ಗೆಜ್ಜಿಯಂಗ ತಿಳಿ ಆಗ್ತಿತ್ತು. ಮತ್ತ ಗುಂಯ್. ದಿನಾ ಕಾಲಿಲೆ ಆ ಪೆಡಲ್ ತುಳದು ತುಳದು ನನ್ನ ತಲಿ ಮ್ಯಾಲ ದಡ್ ದಡ್ ಅನಸ್ತಾನ, ಬ್ಯಾಸಗಿ ಪೂರಾ ಅದೇ ಗೋಳು. ಮೊನ್ನೆ ಒಂದು ಸಲಾನೂ ಇಲ್ಲ. ಛಲೋ ನಿದ್ದಿ ಬರಬೇಕಿತ್ತು.”

“ಬರಲಿಲ್ಲೇನು?”

“ಎಲ್ಲಿದು! ಆಗೊಮ್ಮೆ ಈಗೊಮ್ಮೆ ಟಕ್ ಟಕ್ ಅಂತಿತ್ತು, ಯಾರೋ ಬಾಗಿಲಾ ಬಡದಂಗ. ಎರಡು ಸಲ ಎದ್ದು ನೋಡಿದೆ. ಹಾಳಾದ್ದು, ಯಾರೂ ಇಲ್ಲ.”

“ಮಯೂರ ನೀರಿಗೆ ಕೆಳಗ ಬಂದಿದ್ದನೇನು?” ಅನುರಾಧಾ ಕೇಳಿದರು.

“ಇಲ್ರಿ. ಅಂಗಳದ ಬಾಗಿಲಾ ನಾನೇ ಒಳಗಿಂದ ಹಾಕಿದ್ದೆ.”

ಅನುರಾಧಾ ತಲೆ ಎತ್ತಿ ಮಾಳಿಗೆಯ ಜಂತಿಗಳನ್ನೇ ನೋಡಿದರು. ಹೊರಗೆ ಬಂದ ಮೇಲೆ ಅವರು ಮಲ್ಲಣ್ಣನಿಗೆ ಹೇಳಿದ್ದು ಇಷ್ಟೇ: “ನಾಳೆ ಜೋಹರಿನ ನಮಾಜು ಆದ ಮ್ಯಾಲ ಎಲ್ಲಾರನ್ನೂ ಇಲ್ಲಿ ಸೇರಿಸು. ಸಿಕಂದರನ್ನ ಹಿಡಿಯೂದು ಅಲ್ಲೀತನಾ ತಡಿ. ಮಯೂರನ ಪೆಡಲ್ ಎಲ್ಲಾ ಇದ್ದಲ್ಲೇ ಇರಲಿ.”

ಮರುದಿನ ತಗಡಿನ ಸೂರು ಒಲೆಯ ಮೇಲಿನ ಹಂಚಿನಂತೆ ಕಾದಿತ್ತು. ಮೇಲೆ ಅನುರಾಧಾ, ಮಲ್ಲಣ್ಣ, ಪ್ರಮಿಲಾ, ಸಿಕಂದರ, ಫರಹೀನ. ಹಜರಾಬಿಯನ್ನು ಮೊನ್ನೆಯಂತೆಯೇ ಕೆಳಗಿನ ಹೊರಸಿನ ಮೇಲೆ ಕೂರಿಸಲಾಗಿತ್ತು. ಅವರು ಹೇಳಿದ್ದನ್ನು ತಪ್ಪದೆ ಮೇಲೆ ಮುಟ್ಟಿಸುವ ಕೆಲಸ ಹಮೀದಾಬೇಗಂ ಅವರದು.

ಮಯೂರನ ಹತ್ತಿರ ಗಿಟಾರಿನ ಒಂದು ಸ್ಪೀಕರು, ನಾಲ್ಕು ಪೆಡಲ್ ಇದ್ದವು. ‘ನೀನು ಮೊನ್ನೆ ಇಲ್ಲೇ ಇದ್ದಿ ಅಂತ ಬರಕೊಳ್ಳೂದಕ್ಕ’ ಎಂದು ಮಲ್ಲಣ್ಣ ಹೇಳಿದ್ದರಿಂದ ಅವನು ತಕರಾರಿಲ್ಲದೆ ಗಿಟಾರು ಎತ್ತಿಕೊಂಡ. ಅನುರಾಧಾ ಹೇಳಿದಂತೆ ಒಂದೊಂದೇ ಪೆಡಲ್ ಹಾಕಿ, ಮೊನ್ನೆ ಬಾರಿಸಿದೆನೆಂದ ಧಾಟಿಯನ್ನೇ ಬಾರಿಸತೊಡಗಿದ.

ಮೊದಲನೆಯದು ಬೂಸ್ಟ್. ಕೆಳಗೆ ಹಜರಾಬಿ ತಲೆಯಾಡಿಸಿದರು. “ಇದಲ್ರಿ ಆಪಾ. ಇದು ಬರೇ ಜೋರು.”

ಎರಡನೆಯದು ಓವರ್‌ಡ್ರೈವ್. “ಇದು ಗಂಟಲ ಕಟ್ಟಿದಾಂವ ಹಾಡಿದಂಗ ಅದ. ಅಲ್ಲ.”

ಮೂರನೆಯದು ಡಿಸ್ಟಾರ್ಷನ್. ಗೋಡೆ ನಡುಗಿತು. “ಗದ್ದಲ ಹೌದು. ಆದ್ರ ಜೇನು ಎಲ್ಲಿ ಅದ?” ಅಷ್ಟರಲ್ಲಿ ಮೇಲಿಂದ ದಡ್ ಎಂದು ಸದ್ದಾಗಿ ಸ್ವರ ತಿಳಿಯಾಯಿತು. “ನೋಡ್ರಿ, ಸಣ್ಣ ಮಾಡಬೇಕಂದ್ರ ತುಳೀಬೇಕು ಅಂವಗ. ಮೊನ್ನೆ ಇದು ಇದ್ದೇ ಇಲ್ಲ.”

ನಾಲ್ಕನೆಯದು ಸಿಕಂದರ ಮಾಡಿದ ಫಝ್. ಮೊದಲ ಸ್ವರಕ್ಕೇ ಹಜರಾಬಿ ಹಮೀದಾಬೇಗಂ ಅವರ ಕೈ ಹಿಡಿದರು.

“ಇದೇ! ಇದೇ ಧ್ವನಿ! ಆದ್ರ…”

ಸ್ವರ ತೊದಲಿತು. ಎತ್ತಿದ ಎಳೆ ನಡುವೆಯೇ ತುಂಡಾಯಿತು. ಮತ್ತೆ ಎದ್ದಿತು, ಬಿಕ್ಕಿತು, ಉಪ್ಪು ಬೆಂಕಿಗೆ ಬಿದ್ದಂತೆ ಚಿಟಿಚಿಟಿ ಎಂದು ಸತ್ತುಹೋಯಿತು. ಗೆಜ್ಜೆಯಂಥ ತಿಳಿ ಸ್ವರ ಬರಬೇಕಾದಲ್ಲಿ ಏನೂ ಬರಲಿಲ್ಲ.

“ಯಾಕ ಹಿಂಗ ಬಿಕ್ಕಾಕತ್ತದ?” ಹಜರಾಬಿ ಮಾಳಿಗೆಯನ್ನು ದಿಟ್ಟಿಸಿದರು. “ಮೊನ್ನೆ ಅಸರೀತನಾ ಎಷ್ಟು ನೆಟ್ಟಗ ಬಾರಿಸಿದ್ದ.”

ಹಮೀದಾಬೇಗಂ ಅವರಿಗೆ ಆಗ ತಿಳಿಯಿತು. ಹಜರಾಬಿಯ ಕೈ ಹಿಡಿದುಕೊಂಡೇ ಅವರು ಹಿಂದಿನ ಓಣಿಯಿಂದ ಮೆಟ್ಟಿಲು ಹತ್ತಿದರು.

ಕೇಳಿದ್ದನ್ನೆಲ್ಲ ಅಲ್ಲಿದ್ದವರಿಗೆ ಹೇಳಿದರು. ಮಯೂರನೇ ಮೊದಲು ಮಾತಾಡಿದ. “ಇವತ್ತು ಬಿಸಿಲು ಭಾಳ ಅದ್ರಿ. ಅದಕ್ಕ ಕೆಟ್ಟಿರಬೇಕು.”

“ಮೊನ್ನೆ ಇದಕಿಂತ ಜಾಸ್ತಿ ಇತ್ತಲೇ,” ಅಂದ ಮಲ್ಲಣ್ಣ.

“ಹಂಗಾದ್ರ ಮೊನ್ನೆ ಬ್ಯಾರೆ ಪೆಡಲ್ ಹಾಕಿದ್ದೆ.”

“ಆಗೂದಿಲ್ಲ ತಮ್ಮಾ,” ಅನುರಾಧಾ ತರಗತಿಯಲ್ಲಿ ಮಾತಾಡಿದಷ್ಟೇ ಮೆಲ್ಲಗೆ ಹೇಳಿದರು. “ತಂತಿಯಿಂದ ಬರೂದು ಒಂದು ಅಲೆ. ಬೂಸ್ಟ್ ಆ ಅಲೆಯನ್ನ ಇದ್ದಂಗೇ ಎತ್ತತದ, ಆಕಾರ ಮುಟ್ಟೂದಿಲ್ಲ. ಓವರ್‌ಡ್ರೈವ್ ಅದರ ತಲಿಯನ್ನ ನಯವಾಗಿ ಸವರತದ. ಮೆಲ್ಲಗ ಮೀಟಿದ್ರ ತಿಳಿ ಆಗತದ ಖರೆ, ಆದ್ರ ಜೇನಿನ ಗುಂಯ್ ಅದರಿಂದ ಬರೂದಿಲ್ಲ. ಡಿಸ್ಟಾರ್ಷನ್ ತಲಿಯನ್ನ ಕುಡಗೋಲಿಲೆ ಕೊಯ್ದಂಗ ಕೊಯ್ಯತದ. ಗಿಟಾರಿನ ಗುಂಡಿ ತಿರುಗಿಸಿ ಧ್ವನಿ ಇಳಿಸಿದ್ರೂ ಒರಟು ಹೋಗೂದಿಲ್ಲ, ಕಾಲಿಲೆ ತುಳದು ಪೆಡಲ್ ಬಂದ್ ಮಾಡಬೇಕು. ಫಝ್ ಅಲೆಯನ್ನ ಹೊಲದ ಬದುವಿನಂಗ ಚೌಕ ಮಾಡತದ, ಜೇನು ಏಳೂದು ಅದಕ್ಕ. ಆದ್ರ ಗುಂಡಿ ಇಳಿಸಿದ್ರ ಸಾಕು, ಗೆಜ್ಜಿಯಂಗ ತಿಳಿ ಆಗಿಬಿಡತದ. ತುಳಿಯೋ ಕೆಲಸಿಲ್ಲ. ಜೇನು, ಗೆಜ್ಜಿ ಎರಡೂ ಕೇಳಿ, ದಡ್ ಅನ್ನೂದು ಕೇಳಿಲ್ಲ ಅಂದ್ರ ಅದು ಈ ಡಬ್ಬಿ ಒಂದೇ.”

“ಅದನ್ನೇ ನಾ ಬಾರಿಸಿದ್ದೆ!”

“ಇದರೊಳಗ ಇರೂದು ಜರ್ಮೇನಿಯಂ ಟ್ರಾನ್ಸಿಸ್ಟರ್. ಹಳೇ ರೇಡಿಯೊದ್ದು. ಕಾವು ಏರಿದಂಗ ಅದರಾಗ ಕರೆಂಟು ಸೋರತದ, ಸೋರಿದಷ್ಟೂ ಸ್ವರ ತುಂಡಾಗತದ. ಮಾಸ್ತರು ಹಸಿ ಬಟ್ಟಿ ಸುತ್ತಿದ್ದು ಹುಚ್ಚಿಗಲ್ಲ. ನೀನು ನಕ್ಕಿ. ಚಳಿಗಾಲದಾಗ ಇಸ್ಕೊಂಡಿ, ಬ್ಯಾಸಗಿ ಪೂರಾ ಡಿಸ್ಟಾರ್ಷನ್ ತುಳಕೋತ ಕೂತಿ. ಅದಕ್ಕೇ ಇವತ್ತೀತನಾ ನಿನಗಿದು ಗೊತ್ತೇ ಆಗಿಲ್ಲ.”

“ಮೊನ್ನೆ ನಾನೂ ಹಸಿ ಬಟ್ಟಿ ಸುತ್ತಿದ್ದೆ.”

“ಈ ಕಾವಿನ್ಯಾಗ ಅದು ಒಂದು ಹಾಡಿಗೆ ಸಾಲತದ. ಮತ್ತ ಮತ್ತ ನೆನಸಲಿಕ್ಕೆ ನೀರು ಬೇಕು. ಮ್ಯಾಲ ನೀರಿಲ್ಲ. ನಳದ ಅಂಗಳಕ್ಕ ಒಳಗಿಂದ ಚಿಲಕ ಹಾಕಿತ್ತು. ಮೊನ್ನೆ ಇಲ್ಲಿ ಯಾರೂ ಬಾರಿಸಿಲ್ಲ. ಚಳಿಯಾಗ ಹಿಡಿದಿಟ್ಟ ಧ್ವನಿಯನ್ನ ತಿರುತಿರುಗಿ ಬರೂ ಹಂಗ ಫೋನಿನಿಂದ ಆ ಸ್ಪೀಕರಿಗೆ ಹಚ್ಚಿ, ನೀನು ಹಿಂದಿನ ಓಣಿಯಿಂದ ಇಳಿದು ಹೋದಿ.”

ಅನುರಾಧಾ ಪ್ರಮಿಲಾ ಅವರ ಕಡೆ ನೋಡಿದರು. ಮುಂದಿನ ಮಾತು ಹೇಳಲು ಅವರಿಗೆ ಮನಸ್ಸಿಲ್ಲ ಎಂಬುದು ಹಮೀದಾಬೇಗಂ ಅವರಿಗೆ ಕಂಡಿತು.

“ಹಜರಾಬಿಯವರು ಎರಡು ಸಲ ಎದ್ದು ಬಾಗಿಲಾ ನೋಡ್ಯಾರ. ಟಕ್ ಟಕ್ ಅಂತ ಬಡದಂಗ ಆಯ್ತಂತ.”

ಪ್ರಮಿಲಾ ಗೋಡೆಗೆ ಕೈ ಊರಿದರು. “ಅವರು,” ಅಂದರು. “ಅದು ಅವರೇ ಬಾರಿಸಿದ್ದು.”

“ಹೌದು ವೈನಿ. ಧಾಟಿ ಅವರದು, ಕೈಯೂ ಅವರದು. ಕಲೀಲಿಕ್ಕಂತ ಇಂವ ಫೋನಿನ್ಯಾಗ ಹಿಡಕೊಂಡಿದ್ದ. ಆಮ್ಯಾಲ ಅದೇ ಧಾಟಿ ತನ್ನದು ಅಂತ ಹುಬ್ಬಳ್ಳಿ ಕಂಪನಿಗೆ ಹೇಳ್ಯಾನ. ಅಲ್ಲಿಂದ ಫೋನು ಬಂದ ಮ್ಯಾಲ ಮಾಸ್ತರು ಖರೇ ಹೇಳೇ ಹೇಳ್ತಾರ ಅಂತ ಇವಗ ತಿಳೀತು. ಟಕ್ ಟಕ್ ಅನ್ನೂದನ್ನ ಕೇಳಿ ಕೇಳಿ ಅದೂ ಹಾಡಿನ ಭಾಗ ಅಂತ ತಿಳಕೊಂಡ. ಕತ್ತರಿಸಿ ತೆಗೀಬೇಕು ಅಂತ ಹೊಳೀಲೇ ಇಲ್ಲ.”

ಮಲ್ಲಣ್ಣ ಕೈ ಚಾಚಿದ. ಮಯೂರ ಫೋನು ಕೊಡಲಿಲ್ಲ, ತಡೆಯಲೂ ಇಲ್ಲ. ಮಲ್ಲಣ್ಣನೇ ಅವನ ಜೇಬಿನಿಂದ ತೆಗೆದುಕೊಂಡ. ಜನವರಿಯ ಒಂದು ನಸುಕಿನಲ್ಲಿ ಹಿಡಿದ ಆ ಧ್ವನಿ ಇನ್ನೂ ಅದರಲ್ಲಿತ್ತು. ಅಳಿಸಿದ್ದರೆ ಹುಬ್ಬಳ್ಳಿಯಲ್ಲಿ ಬಾರಿಸಲು ಅವನು ಕಲಿಯುವುದಾದರೂ ಯಾವುದರಿಂದ?

“ಧಾಟಿಗೆ ನನ್ನ ಹೆಸರೊಂದೇ ಬೇಡಿದೆ,” ಅಂದ ಮಯೂರ. ಗಿಟಾರು ಇನ್ನೂ ಅವನ ಹೆಗಲಲ್ಲೇ ಇತ್ತು. “ಅವರಿಗೆ ವಯಸ್ಸಾಗಿತ್ತು. ಇನ್ನೇನು ಮಾಡೋರಿದ್ರು ಆ ಹೆಸರು ತಗೊಂಡು? ‘ಧಾಟಿ ಬೇಕಾದ್ರ ಒಯ್ಯಿ, ಸುಳ್ಳು ಮಾತ್ರ ನನ್ನ ಬಾಯಿಲೆ ಹೇಳಸಬ್ಯಾಡ’ ಅಂದ್ರು. ಸ್ಟ್ಯಾಂಡು ಕೈಗೆ ಹ್ಯಾಂಗ ಬಂತೋ ಗೊತ್ತಿಲ್ಲ.”

“ಸುಳ್ಳು ಬ್ಯಾಡಲೇ,” ಮಲ್ಲಣ್ಣ ಅಂದ. “ಕೈಗೆ ಹ್ಯಾಂಗ ಬಂತು ಅನ್ನಾಂವ ಹಾಡು ಹಚ್ಚಿಟ್ಟು ಮನಿ ಬಿಡೂದಿಲ್ಲ.”

ಗಿಟಾರನ್ನು ಮಯೂರನ ಹೆಗಲಿನಿಂದ ಕಳಚಿಟ್ಟ. ಪೇದೆಗಳು ಅವನನ್ನು ಹಿಂದಿನ ಮೆಟ್ಟಿಲಿನಿಂದಲೇ ಇಳಿಸಿಕೊಂಡು ಹೋದರು.

ಫರಹೀನ ತಂದೆಯ ತೋಳಿಗೆ ಹಣೆ ಒತ್ತಿ ಅಳುತ್ತಿದ್ದಳು. ಸಿಕಂದರ ಅವಳ ತಲೆಯ ಮೇಲೆ ಕೈ ಇಟ್ಟರೂ ನೋಡುತ್ತಿದ್ದುದು ಪ್ರಮಿಲಾ ಅವರನ್ನು. “ಭಾಬೀ, ನಾ ಅವರನ್ನ ಹಂಗೇ ಬಿಟ್ಟು ಓಡಿ ಬಂದೆ. ಒಂದು ಬಟ್ಟಿ ಸೈತ ಹೊಚ್ಚಲಿಲ್ಲ.”

ಪ್ರಮಿಲಾ ಅವನ ಕಡೆಗೊಮ್ಮೆ ತಲೆಯಾಡಿಸಿದರು. ಆಮೇಲೆ ಮಲ್ಲಣ್ಣನತ್ತ ತಿರುಗಿದರು. “ಆ ಫೋನು ನೀವು ಒಯ್ಯೂಕಿಂತ ಮೊದಲು ಒಮ್ಮೆ ಹಚ್ಚರಿ.”

ಜೇನು ಎದ್ದಿತು. ಕಾದ ತಗಡಿನ ಕೆಳಗೆ ಜನವರಿಯ ನಸುಕಿನ ಸ್ವರ ಎಲ್ಲೂ ಮುರಿಯದೆ ಹರಿಯಿತು, ಗೆಜ್ಜೆಯಷ್ಟು ತಿಳಿಯಾಯಿತು. ಅಲ್ಲಿ ಒಂದು ಕ್ಷಣದ ಮೌನ. ಆಮೇಲೆ ಟಕ್ ಟಕ್. ಬಾಗಿಲ ಹತ್ತಿರ ನಿಂತಿದ್ದ ಹಜರಾಬಿ ಈ ಸಲ ಹೊರಗೆ ನೋಡಲಿಲ್ಲ. ಪ್ರಮಿಲಾ ಅವರ ಬಲಗೈ ತನ್ನಷ್ಟಕ್ಕೆ ತಾನೇ ಎದ್ದು, ಗಾಳಿಯಲ್ಲಿ ರೊಟ್ಟಿ ಬಡಿಯುವಂತೆ ಒಮ್ಮೆ ಆಡಿ ನಿಂತಿತು.

ಪಲ್ಲವಿ ಶುರುವಾದಾಗ ಸಿಕಂದರ ಕೆಳಗೆ ಕೂತ. ನೆಲದ ಮೇಲೆ ಕಾದು ಬಿದ್ದಿದ್ದ ಡಬ್ಬಿಯನ್ನು ಎತ್ತಿ, ಹೆಗಲ ಮೇಲಿನ ಟವೆಲನ್ನು ಹಮೀದಾಬೇಗಂ ಅವರ ನೀರಿನ ಬಾಟಲಿಯಿಂದ ನೆನೆಸಿ, ಅದಕ್ಕೆ ಸುತ್ತತೊಡಗಿದ.